ಎರಡು ತಟ್ಟಿನ ಹಲೋ

ಕಾಜಲ್‌ಗೆ ಕಿವಿ ಬಂದ ದಿನ ನಮ್ಮ ಮನೆಯಲ್ಲಿ ಮೊದಲು ಆದದ್ದು ರಂಪ.

ಕಾಜಲ್ ನನ್ನ ಅಣ್ಣ ಪರಶುರಾಮನ ಮಗಳು. ಹುಟ್ಟಿದಾಗಿನಿಂದ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಮೂರು ವರ್ಷ ತುಂಬಿದ ಮೇಲೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಶನ್ ಮಾಡಿ ಕಿವಿಯ ಒಳಗೆ ಸಣ್ಣದೊಂದು ಯಂತ್ರ ಕೂಡಿಸಿದರು. ಗಾಯ ಮಾಗಿದ ಮೇಲೆ ಅದರ ಹೊರಗಿನ ಭಾಗ ಕೊಟ್ಟರು. ಕಿವಿಯ ಹಿಂದೆ ಸಿಕ್ಕಿಸುವ ಕೊಕ್ಕೆ, ಅದರಿಂದ ಹೊರಟ ಒಂದು ತಂತಿ, ತಂತಿಯ ತುದಿಗೆ ಬಿಲ್ಲೆಯಂಥ ಚಕ್ರ. ಕೂದಲ ಮೇಲೆ ಇಟ್ಟರೆ ಆ ಚಕ್ರ ತಾನೇ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಮಷಿನ್ ಎಂದೇ ಕರೆದೆವು.

ಅಣ್ಣ ಮತ್ತು ಅವನ ಹೆಂಡತಿ ಮಾಲಾ ವೈನಿ ಮಗುವನ್ನು ಕರೆದುಕೊಂಡು ನಮ್ಮೂರು ಕಲ್ಲೋಳಿಗೆ ತಿರುಗಿ ಬಂದಾಗ ಅವ್ವ ಅಂಗಳದಲ್ಲೇ ಕಾಯುತ್ತಿದ್ದಳು. ನಮ್ಮದು ತೋಟದ ಮನೆ. ಸುತ್ತಲೂ ಕಬ್ಬು. ಕಬ್ಬು ಆಳೆತ್ತರ ಬೆಳೆದ ಮೇಲೆ ಯಾರು ಎಲ್ಲಿದ್ದಾರೆಂದು ಕಾಣುವುದಿಲ್ಲ, ಹಾಗಾಗಿ ನಮ್ಮ ಮನೆಯ ಮಾತೆಲ್ಲ ಕೂಗು. ಊಟಕ್ಕೆ ಕರೆಯುವುದು, ಮೋಟರ್ ಬಂದ್ ಮಾಡು ಎನ್ನುವುದು, ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ ಎನ್ನುವುದು, ಎಲ್ಲವೂ ಬದುವಿನ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದೇ ಆಗಬೇಕು. ಅವ್ವ ಶಂಕ್ರವ್ವನ ಕೂಗಿಗೆ ಊರಲ್ಲೇ ಹೆಸರಿದೆ. ಫೋನಿನಲ್ಲೂ ಅವಳು ಹಾಗೇ ಮಾತಾಡುತ್ತಾಳೆ. ಮೂಡಲಗಿಯಲ್ಲಿರುವ ತಂಗಿಗೆ ಅವಳು ಫೋನ್ ಹಚ್ಚಿದಾಗ, "ಅವ್ವಾ, ಫೋನ್ ಕೆಳಗಿಡ. ಹಂಗ ಮಾತಾಡಿದ್ರೂ ಚಿಗವ್ವಗ ಕೇಳ್ತೈತಿ" ಎಂದು ಅಣ್ಣ ಕಾಡಿಸುತ್ತಾನೆ.

ಅವ್ವ ಕಾಜಲ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಆ ಕೊಕ್ಕೆಗೆ ಬಾಯಿ ಹಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡು, "ಹಲೋ!" ಎಂದು ಒದರಿದಳು.

ಮಗು ಚಿಟ್ಟನೆ ಚೀರಿತು. ಮಷಿನ್ ಕಿತ್ತು ಅಂಗಳಕ್ಕೆ ಎಸೆದು, ಮಾಲಾ ವೈನಿಯ ಸೀರೆಯೊಳಗೆ ಮುಖ ಹುದುಗಿಸಿತು.

"ಒದರಬ್ಯಾಡ ಅಂತ ದವಾಖಾನ್ಯಾಗ ಹೇಳಿ ಕಳಿಸ್ಯಾರ ಅತ್ತೀ" ಎಂದು ವೈನಿ ಮಗುವನ್ನು ಸಂತೈಸುತ್ತ ಹೇಳಿದಳು.

"ಮಷಿನ್ ಅಂದ ಮ್ಯಾಲ ಹಲೋ ಅನ್ನಬೇಕಲ್ಲವಾ. ಹೊಸಾದು, ಲೈನ್ ಹಿಡೀಲಿ ಅಂತ ಸ್ವಲ್ಪ ಜೋರು ಅಂದೆ" ಎಂದಳು ಅವ್ವ. ಅವಳ ಮುಖವೂ ಬಾಡಿತ್ತು.

ಅಂದಿನಿಂದ ಮಷಿನ್ ಕಂಡರೆ ಕಾಜಲ್ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಿದ್ದೆಯಲ್ಲಿದ್ದಾಗ ಹಚ್ಚಿದರೆ ಎದ್ದ ಕೂಡಲೇ ಕಿತ್ತು ಬಚ್ಚಿಡುತ್ತಿದ್ದಳು. ಒಮ್ಮೆ ಅದು ಕೋಳಿ ಮುಚ್ಚುವ ಬುಟ್ಟಿಯೊಳಗೆ ಸಿಕ್ಕಿತು, ಇನ್ನೊಮ್ಮೆ ಜೋಳದ ಚೀಲದಲ್ಲಿ. ವೈನಿ ಅರಿಶಿಣದ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು, ಅಣ್ಣ ಟ್ರ್ಯಾಕ್ಟರ್ ಮೇಲೆ, ಅವ್ವ ಕಬ್ಬಿನ ತೋಟದಲ್ಲಿ. ಮಗು ದಿನವಿಡೀ ನನ್ನ ಜೊತೆ. ನಾನೋ ಮಾತಿನವಳಲ್ಲ. ಎಂಟನೇ ತರಗತಿಗೆ ಸಾಲಿ ಬಿಟ್ಟ ಮೇಲೆ ಮನೆಯ ಆಚೆ ನಾನು ಮಾತಾಡಿದ್ದು ಕಡಿಮೆ, ಮನೆಯೊಳಗೂ ಅಷ್ಟೇ. ಇಬ್ಬರೂ ಅಂಗಳದಲ್ಲಿ ಸುಮ್ಮನೆ ಇರುತ್ತಿದ್ದೆವು. ಅವಳು ಆಡುತ್ತಿದ್ದಳು, ನಾನು ಕೆಲಸ ಮಾಡುತ್ತ ಅವಳನ್ನೇ ನೋಡುತ್ತಿದ್ದೆ. ನಮ್ಮಿಬ್ಬರಿಗೂ ಅದು ಹಿತವಾಗಿತ್ತು ಎಂದೇ ನಾನು ತಿಳಿದಿದ್ದೆ.

ಗೋಕಾಕದಲ್ಲಿ ವಾರಕ್ಕೊಮ್ಮೆ ಇಂಥ ಮಕ್ಕಳಿಗೆ ಮಾತು ಕಲಿಸಲು ಅನುರಾಧಾ ಎಂಬವರು ಬರುತ್ತಿದ್ದರು. ಯಮಕನಮರಡಿ ಕಡೆಯವರು. ಅವರ ತಂದೆ ತಾಯಿ ಕೂಲಿ ಮಾಡಿ ಅವರನ್ನು ಮೈಸೂರಿಗೆ ಕಳಿಸಿ ಓದಿಸಿದ್ದರಂತೆ. ನಾವು ಹೋದಾಗ ಅವರು ಚಾಪೆಯ ಮೇಲೆ ಕಾಲು ಚಾಚಿ ಕೂತು ಒಂದು ಮಗುವಿನ ಜೊತೆ ಬುಗುರಿ ತಿರುಗಿಸುತ್ತಿದ್ದರು. ಗಂಟಲು ಸ್ವಲ್ಪ ಒಡೆದಿತ್ತು. ಬಾಜೂಕ್ಕೆ ಬಿಸಿನೀರಿನ ಥರ್ಮಾಸ್. ಎಲ್ಲರನ್ನೂ ಹೆಸರು ಕೇಳಿಕೊಂಡು ಮಾತಾಡಿಸಿದರು.

ಮಷಿನ್ ಹಾಕಿಕೊಳ್ಳುತ್ತಿಲ್ಲ ಎಂದು ವೈನಿ ಹೇಳಿದಾಗ ಅವರ ನಗು ನಿಂತಿತು.

"ಮಷಿನ್ ಅಂದ್ರ ಬರೇ ಬಾಗಲಾ ನೋಡ್ರಿ ಮಾಲಾ. ಬಾಗಲಾ ತೆಗದಾರ. ಅದರಾಗ ಮಾತು ಒಳಗ ಹೋಗಬೇಕು, ದಿನಾ, ಮುಂಜಾನಿಂದ ಮಲಗೂತನ. ಈ ವಯಸ್ಸಿನ್ಯಾಗ ಹೋಗಲಿಲ್ಲ ಅಂದ್ರ ಮುಂದ ಹೋಗೂದು ಭಾಳ ಕಠಿಣ. ಆಮ್ಯಾಲ ಮಷಿನ್ ಹಚ್ಚಿದ್ರೂ ಗದ್ದಲ ಕೇಳ್ತೈತಿ, ಮಾತು ತಿಳಿಯೂದಿಲ್ಲ."

ವೈನಿ ಕಣ್ಣು ಒರೆಸಿಕೊಂಡಳು. ಅವ್ವ ಮಾತ್ರ ಸುಮ್ಮನಿರಲಿಲ್ಲ. "ಅಲ್ಲರಿ ಅಕ್ಕೋರ, ಕಿವಿ ಮಾಡಿದ್ದು ಹುಡುಗಿಗಿ, ಕೆಲಸ ಹಚ್ಚೂದು ನಮಗೇನ್ರಿ?"

"ಹೌದ್ರೀ ಆಯೀ, ನಿಮಗ. ಅದರಾಗ ನಿಮ್ಮ ದನಿ ಕೇಳಿದ್ರ ಎರಡು ತಾಲೂಕಿನ ಹುಡುಗ್ರಿಗಿ ನೀವೊಬ್ರ ಸಾಕು." ಎಲ್ಲರೂ ನಕ್ಕರು. ನಕ್ಕ ಮೇಲೆ ಅನುರಾಧಾ ಕೇಳಿದರು, "ಇಕಿ ಒಬ್ಬಾಕೀನ ಇದ್ದಾಗ ಏನು ಆಟ ಆಡ್ತಾಳ?"

ವೈನಿ ಅಣ್ಣನ ಮುಖ ನೋಡಿದಳು, ಅಣ್ಣ ಅವ್ವನ ಮುಖ. ಹಗಲು ಅವರಾರೂ ಮನೆಯಲ್ಲಿರುವವರಲ್ಲ. ಉತ್ತರ ನನಗೆ ಗೊತ್ತಿತ್ತು. ಅನುರಾಧಾ ಅವಸರ ಮಾಡಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತಿದ್ದ ನನ್ನ ಕಡೆ ನೋಡಿ ಕಾದರು. ಅಷ್ಟು ಸಮಾಧಾನದಿಂದ ನನ್ನ ಮಾತಿಗೆ ಯಾರೂ ಕಾದದ್ದು ನನಗೆ ನೆನಪಿಲ್ಲ.

"ಫೋನ್ ಆಟ" ಎಂದೆ. "ಗೋವಿನಜೋಳದ ತೆನಿ ಕಿವಿಗಿ ಹಿಡ್ಕೊಂಡು, ಅವರ ಅಪ್ಪನಂಗ ಟೊಂಕದ ಮ್ಯಾಲ ಕೈ ಇಟ್ಕೊಂಡು ಅಡ್ಡಾಡ್ತಾಳ್ರಿ. ತುಟಿ ಎರಡು ಸಲ ಅಲುಗಾಡಸ್ತಾಳ. ಮೊದಲು ಸ್ವಲ್ಪ ತೆರೀತಾಳ, ಆಮ್ಯಾಲ ದುಂಡಗ ಮಾಡ್ತಾಳ."

ಅನುರಾಧಾ ಚಾಪೆಯಿಂದ ಎದ್ದೇಬಿಟ್ಟರು. "ಹಲೋ!" ಎಂದರು. "ಖರೇನ? ದನಿ ಕೇಳದ ಕೂಸು ಕಣ್ಣಿಲೇ ಶಬ್ದಾ ಒಡದೈತಿ ನೋಡ್ರಿ. ಎರಡು ತುಂಡು ಅಂತ ಅದಕ್ಕ ಆಗಲೇ ಗೊತ್ತೈತಿ. ನಿನ್ನ ಹೆಸರೇನವಾ?"

"ಪದ್ಮಶ್ರೀ."

"ಪದ್ಮಶ್ರೀ, ಇಲ್ಲಿ ಬಾಜೂಕ ಬಂದು ಕುಂದರ. ನಾವು ಹಲೋದಿಂದನ ಚಾಲೂ ಮಾಡೂನು."

ಆ ದಿನ ಅವರು ಒಂದು ಶಬ್ದವನ್ನು ಹೇಗೆ ಬಿಚ್ಚಿ ತೋರಿಸಿದರೋ ಅದನ್ನು ನಾನು ಮರೆಯಲಾರೆ. ನಮ್ಮ ಸಾಲಿಯಲ್ಲಿ ಇಂಗ್ಲಿಷ್ ಶಬ್ದವೆಂದರೆ ಬಾಯಿಪಾಠ ಮಾಡಿ ಒಪ್ಪಿಸುವ ಸಂಗತಿಯಾಗಿತ್ತು. ಇವರು ಅದನ್ನು ಕಿತ್ತಳೆ ಹಣ್ಣಿನ ಹಾಗೆ ಸುಲಿದರು.

"ಡಿಕ್ಷನರಿಯಾಗ ಇದನ್ನ ನಡುವ ಒಂದು ಗೆರಿ ಹಾಕಿ ಒಡೀತಾರ. ಈ ಕಡೆ ಹೆಲ್, ಆ ಕಡೆ ಲೋ. ನಡುವ ಎರಡು ಎಲ್ ಅದಾವ, ಅಣ್ಣತಮ್ಮರು ಹೊಲಾ ಹಂಚಿಕೊಂಡಂಗ ಒಂದೊಂದು ಹಂಚಿಕೋತಾವ. ನಮ್ಮ ಬಾಯಾಗ ಅಷ್ಟು ಪಂಚಾಯ್ತಿ ಇಲ್ಲ. ನಮಗ ಹ ಒಂದು, ಲೋ ಒಂದು. ಕಾಜಲ್ ಕೇಳಬೇಕಾದ್ದು ನಿಮ್ಮ ಮನಿ ಹಲೋ. ಅದಕ್ಕ ನಮ್ಮಂಗನ ಒಡೀರಿ."

ಹೀಗೆ ಹೇಳಿ ಕಾಜಲ್‌ಳ ಅಂಗೈ ತೆಗೆದುಕೊಂಡು ಅದರ ಮೇಲೆ ತಟ್ಟಿದರು. ಹ ಎನ್ನುವಾಗ ಒಂದೇ ಬೆರಳು, ಹಗುರವಾಗಿ ಮುಟ್ಟಿ ಬಿಟ್ಟ ಹಾಗೆ. ಲೋ ಎನ್ನುವಾಗ ಇಡೀ ಅಂಗೈ, ಮಣಿಕಟ್ಟಿನವರೆಗೆ ಸವರುತ್ತ. ಮಗು ನಕ್ಕು ಕೈ ಎಳೆದುಕೊಂಡಿತು, ಮತ್ತೆ ಚಾಚಿತು. ಐದಾರು ಸಲ ಹೀಗಾದ ಮೇಲೆ ಅನುರಾಧಾ ಮಷಿನನ್ನು ತಮ್ಮ ಕಿವಿಗೇ ಹಿಡಿದು ಫೋನಿನ ಆಟ ಆಡಿದರು. ಆಮೇಲೆ ಅವಳಿಗೆ ಕೊಟ್ಟರು. ಕಾಜಲ್ ತಾನೇ ಅದನ್ನು ಕಿವಿಗೆ ಹಿಡಿದಳು. ಚಕ್ರ ಕೂದಲಿಗೆ ಅಂಟಿಕೊಂಡಿತು. ಒಂದು ಕ್ಷಣ ಅವಳ ಮುಖ ಅಳುವಿನ ಅಂಚಿಗೆ ಹೋಯಿತು. ಅನುರಾಧಾ ಅವಳ ಮಗ್ಗುಲಲ್ಲಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟೇ ದನಿಯಲ್ಲಿ, "ಹ, ಲೋ" ಎಂದರು. ಅವಳು ಅಳಲಿಲ್ಲ.

"ಇನ್ನ ಅರ್ಥದ ಮಾತು" ಎಂದು ಅವರು ನಮ್ಮ ಕಡೆ ತಿರುಗಿದರು. "ಒಂದ ಥರಾ ಹೇಳ್ಕೋತ ಇದ್ರ ಅದು ಮಾತಾಗೂದಿಲ್ಲ, ಗಂಟಿ ಹೊಡದಂಗ ಆಗ್ತೈತಿ. ಮಂದಿ ಹಲೋ ಯಾಕ ಅಂತಾರ, ಯಾವಾಗ ಅಂತಾರ, ವಾರ ಪೂರ್ತಿ ಕೇಳ್ರಿ. ಕೇಳಿದ್ದನ್ನ ಕೂಸಿನ ಮುಂದ ಹಂಗ ಅನ್ರಿ." ಆಮೇಲೆ ನನಗೊಬ್ಬಳಿಗೇ ಹೇಳಿದರು. "ದಿನಾ ಜೊತಿ ಇರಾಕಿ ನೀನು. ನೀ ಮಾತಾಡಬೇಕು. ರೊಟ್ಟಿ ಬಡಿಯಾಕತ್ತೇನಿ, ಎಮ್ಮಿಗಿ ನೀರು ಕುಡಸಾಕತ್ತೇನಿ, ಏನ ಮಾಡಿದ್ರೂ ಹೇಳ್ಕೋತ ಇರು. ನೀ ಸುಮ್ಮಕಿದ್ರ ಆಕಿ ಲೋಕನೂ ಸುಮ್ಮಕ ಇರ್ತೈತಿ."

ಬಸ್ಸಿನಲ್ಲಿ ಬರುವಾಗ ಅವರ ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಂಡೆ. ನನ್ನ ಮೌನ ಯಾರಿಗೂ ತ್ರಾಸು ಕೊಡದ ವಸ್ತು ಎಂದು ತಿಳಿದಿದ್ದೆ. ಅದು ಒಂದು ಮಗುವಿನ ಬಾಗಿಲ ಮುಂದೆ ಕೂತುಬಿಟ್ಟಿತ್ತು.

ಮರುದಿನ ರೊಟ್ಟಿ ಬಡಿಯುತ್ತ "ಕಾಜಲ್, ನಾನು ರೊಟ್ಟಿ..." ಎಂದು ಶುರು ಮಾಡಿ ನಾಚಿಕೆಯಾಗಿ ನಿಲ್ಲಿಸಿದೆ. ಅವ್ವ ಹಿಂದಿನಿಂದ, "ಮುಂದ? ರೊಟ್ಟಿ ಏನ ಮಾಡ್ತವಾ, ಓಡಿ ಹೋತೇನ?" ಎಂದಳು. ನಗು ಬಂತು, ಮುಂದಿನ ಮಾತೂ ಬಂತು. ಒಳ್ಳೆಯದೆಂದರೆ ಕಿವಿಗೊಡುವುದು ನನಗೆ ಬರುತ್ತಿತ್ತು. ಕಿರಾಣಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಬಾಜೂ ತೋಟದಲ್ಲಿ ಯಾರು ಹಲೋ ಎಂದರೂ ನಾನು ನಿಂತು ಕೇಳುತ್ತಿದ್ದೆ. ನಂಬರ್ ಗೊತ್ತಿಲ್ಲದ ಫೋನ್ ಎತ್ತುವವರ ಹಲೋ ಸಂಶಯದಿಂದ ಮೇಲೆ ಏರುತ್ತದೆ. ಬೇಕಾದವರ ಫೋನಾದರೆ ಅದೇ ಹಲೋ ಕೊನೆಯಲ್ಲಿ ಕೆಳಗಿಳಿದು ಕೂತುಕೊಳ್ಳುತ್ತದೆ. ಕಂಡಕ್ಟರ್ "ಹಲೋ, ಹಿಂದ ಸರೀರಿ" ಎಂದರೆ ಅದು ಗದರಿಕೆ. ಮೈಕು ಕಟ್ಟುವವನು ಹಲೋ ಹಲೋ ಎಂದರೆ ಅವನು ಯಾರನ್ನೂ ಕರೆಯುತ್ತಿಲ್ಲ, ತನ್ನ ಸಾಮಾನು ಪರೀಕ್ಷೆ ಮಾಡುತ್ತಿದ್ದಾನೆ. ಟೇಲರ್ ಅಂಗಡಿಯ ಅನ್ನಪೂರ್ಣಾ ಮದುವೆ ಗೊತ್ತಾದ ಹುಡುಗನಿಗೆ ಅನ್ನುವ ಹಲೋದಲ್ಲಿ ಹ ಇರುವುದೇ ಇಲ್ಲ, ಬರೀ ಉಸಿರು. ಇನ್ನು ಲೈನ್ ಕಟ್ಟಾದಾಗಿನ ಹಲೋ ಒಂದಿದೆ. ಇದ್ದೀಯೋ ಇಲ್ಲವೋ, ಹೋದೆಯಾ ಎಂದು ಕೇಳುವ ಹಲೋ. ಅದನ್ನು ಕೇಳಿದರೆ, ಲೈನ್ ಮತ್ತೆ ಸಿಗುವವರೆಗೆ ನಾನು ಅಲ್ಲೇ ನಿಂತಿರುತ್ತಿದ್ದೆ. ಎಲ್ಲದರಲ್ಲೂ ಅದೇ ಎರಡು ತಟ್ಟು. ಇಷ್ಟು ಸಣ್ಣ ಶಬ್ದದೊಳಗೆ ಇಷ್ಟು ಮಂದಿ ವಾಸ ಮಾಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಂದೊಂದನ್ನೂ ತಂದು ಕಾಜಲ್‌ಳ ಮುಂದೆ ಆಡಿದೆ. ಅವಳು ತೆನೆ ಹಿಡಿದು, ತಲೆಗೆ ಚಕ್ರ ಅಂಟಿಸಿಕೊಂಡು ಆಡುತ್ತಿದ್ದಳು. ಆಟದ ನೆವದಲ್ಲಿ ಮಷಿನ್ ಅವಳ ಕಿವಿಯಲ್ಲಿ ಮೊದಲು ಒಂದು ಹೊತ್ತು ನಿಂತಿತು, ಆಮೇಲೆ ಅರ್ಧ ದಿನ.

ಅವ್ವನದೇ ದೊಡ್ಡ ಪರೀಕ್ಷೆ. ದನಿ ತಗ್ಗಿಸುವುದು ಅವಳಿಗೆ ಕಬ್ಬು ಹೊರುವುದಕ್ಕಿಂತ ಕಷ್ಟವಾಗಿತ್ತು. ಅವಳು ಮೊಮ್ಮಗಳಿಗಾಗಿ ಪಿಸುಗುಡುವುದನ್ನು ಕಂಡ ಬಾಜೂ ತೋಟದ ಮರೆವ್ವ, "ಯಾಕ ಶಂಕ್ರವ್ವಾ, ಮೈಯಾಗ ನೆಟ್ಟಗಿಲ್ಲೇನ? ಊರಾಗ ನಿನ್ನ ದನೀನ ಇಲ್ಲ" ಎಂದು ವಿಚಾರಿಸಿಕೊಂಡು ಹೋಗಲು ಬಂದಳು. ಅಣ್ಣನೂ ಊಟದ ಹೊತ್ತಿಗೆ ತಾನೇ ನಡೆದು ಬರತೊಡಗಿದ, ಅವ್ವ ಮೆಲ್ಲಗೆ ಕರೆದರೆ ಅವನಿಗೆ ಕೇಳುತ್ತಿರಲಿಲ್ಲ. ಬೈದುಕೊಳ್ಳುತ್ತಲೇ ಬಂದ. ನನ್ನ ಮನೆಯವರನ್ನು ಕಂಡು ನನಗೆ ಆಗಿನಷ್ಟು ಹೆಮ್ಮೆಯಾದದ್ದು ಬೇರೆ ಯಾವಾಗಲೂ ಇಲ್ಲ.

ಆದರೆ ಕಾಜಲ್ ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ಕೂತು, ತುಟಿ ಕಾಣುವಂತೆ ಅಂದರೆ ನಗುತ್ತಿದ್ದಳು. ಹಿಂದಿನಿಂದ ಕರೆದರೆ ಏನೂ ಇಲ್ಲ. ದನಿ ಒಳಗೆ ಹೋಗುತ್ತಿದೆಯೋ, ಅವಳು ನಮ್ಮ ಮುಖ ಮಾತ್ರ ಓದುತ್ತಿದ್ದಾಳೋ ಯಾರಿಗೂ ತಿಳಿಯದು. ವೈನಿ ಸಂಜೆ ಹೊಲದಿಂದ ಬಂದು, ಕೈಯ ಮಣ್ಣು ತೊಳೆಯುವ ಮೊದಲೇ "ಇವತ್ತರ ತಿರಗಿದ್ಲೇನ ಪದ್ದಿ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುವುದು ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ಹುಬ್ಬಳ್ಳಿಗೆ ಮತ್ತೆ ತೋರಿಸಲು ಹೋಗುವ ದಿನವೂ ಸಮೀಪಿಸಿತ್ತು.

ಒಂದು ವಾರ ಅನುರಾಧಾ ಗೋಕಾಕಕ್ಕೆ ಬರಲಿಲ್ಲ. ಹುಕ್ಕೇರಿಯಲ್ಲಿ ಮಕ್ಕಳು ಹೆಚ್ಚಾಗಿದ್ದಾರೆ, ಅಲ್ಲಿಗೇ ಬನ್ನಿ ಎಂದು ಸುದ್ದಿ ಕಳಿಸಿದರು. ವೈನಿಗೆ ಕೆಲಸ ಬಿಡಲಾಗಲಿಲ್ಲ. ಅವ್ವ, ನಾನು, ಕಾಜಲ್ ಹೋದೆವು. ಹುಕ್ಕೇರಿಯ ಆ ಕೋಣೆ ತುಂಬ ತಾಯಂದಿರು, ಅಪ್ಪಂದಿರು, ಅಜ್ಜಿಯರು. ಅನುರಾಧಾ ನಮ್ಮನ್ನು ಕಂಡು ಕೈಯೆತ್ತಿದರು. ಬಾಯಿ ತೆರೆದರೆ ದನಿಯೇ ಇಲ್ಲ. ಗಂಟಲು ಪೂರ್ತಿ ಕೂತಿತ್ತು. ರಜೆ ಹಾಕಬಹುದಿತ್ತು. ದೂರದಿಂದ ಬಂದವರನ್ನು ಹಿಂದೆ ಕಳಿಸಲು ಮನಸ್ಸಾಗದೆ, ಮುಂಜಾನೆಯಿಂದ ಅವರು ಕೈಯಿಂದಲೇ ಎಲ್ಲ ನಡೆಸಿದ್ದರು. ಅವರವರ ಮನೆಯವರನ್ನೇ ಮುಂದೆ ಕೂರಿಸಿ ಮಾತಾಡಿಸುತ್ತಿದ್ದರು. ತಾವು ಬರೀ ತಟ್ಟುತ್ತಿದ್ದರು, ಒಮ್ಮೆ ಬೆರಳು, ಒಮ್ಮೆ ಅಂಗೈ. ದನಿ ಇಲ್ಲದ ಅವರು ಅಷ್ಟು ಮಂದಿಯ ಬಾಯಲ್ಲಿ ದನಿ ಹೊರಡಿಸುವುದನ್ನು ನೋಡುತ್ತ ನಾನು ನನ್ನ ಸರದಿಯನ್ನೇ ಮರೆತೆ.

ಸರದಿ ಬಂತು. ಕಾಜಲ್‌ಳ ಮುಂದೆ ಮಣಿಗಳನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ಇಟ್ಟರು. ದನಿ ಕೇಳಿದರೆ ಒಂದು ಮಣಿ ಡಬ್ಬಿಗೆ ಹಾಕಬೇಕು. ಆ ಆಟ ಅವಳಿಗೆ ಗೋಕಾಕದಲ್ಲೇ ಕಲಿಸಿದ್ದರು, ಆದರೆ ಮುಖ ನೋಡಿಕೊಂಡು. ಈಗ ಅನುರಾಧಾ ನನ್ನ ರಟ್ಟೆ ಹಿಡಿದು ಅವಳ ಬೆನ್ನ ಹಿಂದೆ ಕೂರಿಸಿದರು. ನಾನು ತಲೆ ಅಲ್ಲಾಡಿಸಿದೆ. "ಅವ್ವ ಅನ್ನಲಿ" ಎಂದು ಸನ್ನೆ ಮಾಡಿದೆ. ಅವ್ವನೋ ಸೆರಗಿನಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು, ಎಲ್ಲಿ ಒದರಿಬಿಡುತ್ತೇನೋ ಎಂದು. ಸೆರಗಿನೊಳಗಿಂದಲೇ, "ನೀನ ಅನ್ನವಾ. ನಿನ್ನ ದನಿ ಮೆತ್ತಗೈತಿ" ಎಂದಳು.

ಕೋಣೆ ತುಂಬ ಕಣ್ಣುಗಳು. ಎದುರಿಗೆ ಕಾಜಲ್‌ಳ ಬೆನ್ನು, ಎರಡು ಸಣ್ಣ ಜಡೆ, ಕೂದಲ ಮೇಲೆ ಆ ಚಕ್ರ. ಮಣಿ ಹಿಡಿದ ಅವಳ ಕೈ ಗಾಳಿಯಲ್ಲಿ ಕಾಯುತ್ತಿತ್ತು.

"ಹಲೋ" ಎಂದೆ.

ಕೈ ಅಲುಗಲಿಲ್ಲ. ಮೂಲೆಯಲ್ಲಿ ಯಾರೋ ಕೆಮ್ಮಿದರು. ಅನುರಾಧಾ ನನ್ನ ಮಂಡಿಯ ಮೇಲೆ ನಿಧಾನ ತಟ್ಟಿದರು, ಬೆರಳು, ಅಂಗೈ. ಜೋರಾಗಿ ಅಲ್ಲ ಎಂದು ಕಣ್ಣಲ್ಲೇ ಹೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಬೇಕಾದವರು ಫೋನ್ ಮಾಡಿದಾಗ ಅನ್ನುವ ಆ ಹಲೋವನ್ನು ಮನಸ್ಸಿಗೆ ತಂದುಕೊಂಡು, ಕೊನೆಯನ್ನು ಕೆಳಗಿಳಿಸಿ ಅಂದೆ.

ಡಬ್ಬಿಯಲ್ಲಿ ಮಣಿ ಬಿದ್ದ ಸದ್ದಾಯಿತು.

ಕಣ್ಣು ತೆರೆದೆ. ಅನುರಾಧಾ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಅಂದೆ, ಬಿತ್ತು. ಸುಮ್ಮನಿದ್ದು ನೋಡಿದೆವು. ಕೈ ಕಾಯಿತು, ಮಣಿ ಬೀಳಲಿಲ್ಲ. ಮತ್ತೆ ಅಂದೆ, ಬಿತ್ತು. ಅವ್ವ ಸೆರಗಿನೊಳಗೆ ಅಳುತ್ತಿದ್ದಳು, ಅದೂ ಸದ್ದಿಲ್ಲದೆ. ಅನುರಾಧಾ ಏನೋ ಹೇಳಲು ಹೋಗಿ, ದನಿ ಬಾರದೆ, ನನ್ನ ಗಲ್ಲ ಹಿಂಡಿದರು.

ಹಿಂದೆ ಬರುವ ಬಸ್ಸು ಕಿಕ್ಕಿರಿದಿತ್ತು. ಅವ್ವನಿಗೆ ಹಿಂದೆಲ್ಲೋ ಸೀಟು ಸಿಕ್ಕಿತು, ನನಗೂ ಕಾಜಲ್‌ಗೂ ಮುಂದೆ ಕಿಟಕಿಯ ಬಳಿ. ಮೊದಮೊದಲು ನಾನು ಅವಳ ಕಿವಿಯ ಬಳಿ ಬಗ್ಗಿ ಹೊರಗಿನದನ್ನು ಹೇಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಬಗ್ಗಿ ಚಕ್ರವನ್ನು ನೋಡಿದರು.

"ಅದೇನವ್ವಾ ಕೂಸಿನ ತಲಿಗಿ? ಮೊಬೈಲ್ ಏನ?"

ಸುತ್ತಲಿನವರೆಲ್ಲ ತಿರುಗಿದರು. ಒಬ್ಬ ಹುಡುಗ ಕಿಸಕ್ಕನೆ ನಕ್ಕ. ನಾನು ಅವರಿಗೆ ಉತ್ತರ ಕೊಡಲಿಲ್ಲ, ಕಾಜಲ್‌ಗೂ ಏನೂ ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತೆ.

ಹೊಲಗಳು ಹಿಂದೆ ಸರಿಯುತ್ತಿದ್ದವು. ಕಾಜಲ್ ಒಮ್ಮೆ ನನ್ನ ಕಡೆ ನೋಡಿದಳು. ಸ್ವಲ್ಪ ಹೊತ್ತು ಕಾದಳು. ನನ್ನ ತೋಳು ಎಳೆದಳು, ನಾನು ತಿರುಗಲಿಲ್ಲ. ಆಗ ನನ್ನ ಮಗ್ಗುಲಿಂದ ಒಂದು ದನಿ ಬಂತು. ಒರಟಾದ, ಮೂಗಿನ, ನಾನು ಅವಳಿಂದ ಎಂದೂ ಕೇಳಿರದ ದನಿ.

"ಅ... ಓ?"

ಮೊದಲನೆಯದು ಮುಟ್ಟಿ ಬಿಟ್ಟಂತೆ. ಎರಡನೆಯದು ಉದ್ದ, ಕೊನೆಯಲ್ಲಿ ಮೇಲೇರಿದ್ದು.

ನಾನು ತಿರುಗಿದೆ. ಅವಳ ಕೈಯಲ್ಲಿ ತೆನೆ ಇರಲಿಲ್ಲ, ಇದು ಆಟವಾಗಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು. ಲೈನ್ ಕಟ್ಟಾಯಿತೇ, ಅಲ್ಲಿದ್ದೀಯಾ ಎಂದು ಕೇಳುತ್ತಿದ್ದಳು. ಯಾರೂ ಅವಳಿಗೆ ಹೀಗೆ ಕೇಳು ಎಂದಿರಲಿಲ್ಲ.

"ಅದೀನಿ" ಎಂದೆ. "ಅದೀನಿ ಕಾಜಲ್, ಇಲ್ಲೇ ಅದೀನಿ. ಹಲೋ! ನೋಡಲ್ಲಿ, ಟ್ರ್ಯಾಕ್ಟರ್ ಬರಾಕತ್ತೈತಿ. ಕಬ್ಬು ತುಂಬಿಕೊಂಡು ಬರಾಕತ್ತೈತಿ. ನಿಮ್ಮ ಅಪ್ಪನಂಥಾ ಟ್ರ್ಯಾಕ್ಟರ್." ಆಮೇಲೆ ಆ ಹಿರಿಯರ ಕಡೆ ಮುಖವೆತ್ತಿದೆ. "ಮೊಬೈಲ್ ಅಲ್ರೀ ಕಾಕಾ. ಕೇಳೂ ಮಷಿನ್. ಇಕಿಗಿ ಈಗ ಕೇಳ್ತೈತಿ. ಈಗ ಮಾತಾಡಿದ್ಲು, ನೀವೂ ಕೇಳಿದ್ರೆಲ್ಲ?"

"ಕೇಳಿದ್ನೆವಾ, ಕೇಳಿದೆ" ಎಂದು ಅವರು ತಲೆಯಾಡಿಸಿದರು.

ಹಿಂದಿನ ಸೀಟಿನಿಂದ ಅವ್ವ ಎದ್ದು ನಿಂತು, "ಪದ್ದೀ, ಏನಂದ್ಲ? ಏನಂದ್ಲ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. ನಾನೂ ಅಷ್ಟೇ ಜೋರಾಗಿ ಹಿಂದಕ್ಕೆ ಕೂಗಿ ಹೇಳಿದೆ. ಕೊಣ್ಣೂರ ದಾಟಿತು, ಗೋಕಾಕ ಬಂತು, ಮಂದಿ ಇಳಿದರು, ಹತ್ತಿದರು. ಎಮ್ಮೆ, ಪೆಟ್ರೋಲ್ ಪಂಪು, ಹೊಳೆ, ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಕಂಡದ್ದನ್ನೆಲ್ಲ ನಾನು ಹೇಳುತ್ತ ಹೋದೆ. ಗಂಟಲು ಒಣಗಿದಾಗ ಒಂದು ಗುಟುಕು ನೀರಿಗೆ ನಿಲ್ಲಿಸಿದರೂ ಕಾಜಲ್ ಬಿಡಲೊಲ್ಲಳು, ಅಂಗೈಯಿಂದ ನನ್ನ ಮಂಡಿ ತಟ್ಟುತ್ತಿದ್ದಳು.